ಹೆಸರು ಕೇಳಿದ ಕಾರ್ಡಿನಕ್ಕ

ಕಾರ್ಡಿನಕ್ಕನ ಬಲಗೈ ಹೆಬ್ಬೆರಳ ತುದಿ ರಟ್ಟಿನ ಕಾರ್ಡು ತಿರುವಿ ತಿರುವಿ ನುಣ್ಣಗಾಗಿ ಹೊಳೆಯುತ್ತಿತ್ತು. ಎಪ್ಪತ್ತರ ದಶಕದಲ್ಲಿ, ಹೊಸದುರ್ಗದಲ್ಲಿ ಒಬ್ಬ ಡಾಕ್ಟರು ನಡೆಸುತ್ತಿದ್ದ ಸಣ್ಣ ಆಸ್ಪತ್ರೆಗೆ ನಾನು ನರ್ಸಾಗಿ ಸೇರಿದಾಗ ರೋಗಿಗಳ ಕಾರ್ಡುಗಳೆಲ್ಲ ಅವರ ಕೈಯಲ್ಲಿದ್ದವು. ಮಧ್ಯಾಹ್ನ ತಮ್ಮ ಬುತ್ತಿಯ ಮುದ್ದೆಯಲ್ಲಿ ಅರ್ಧ ಮುರಿದು ನನ್ನ ತಟ್ಟೆಗೆ ಹಾಕದೆ ಅವರು ಉಂಡವರಲ್ಲ.

ಕಾರ್ಡುಗಳು ನಂಬರಿನ ಪ್ರಕಾರ ಕಪಾಟಿನಲ್ಲಿದ್ದವು. ನಂಬರಿನ ಚೀಟಿಯನ್ನು ಯಾರೂ ಜೋಪಾನ ಮಾಡುತ್ತಿರಲಿಲ್ಲ. ಅದಕ್ಕೇ ರೋಗಿಗಳ ಹೆಸರುಗಳನ್ನು ಅಕ್ಷರದ ಪ್ರಕಾರ ಜೋಡಿಸಿದ ಒಂದು ಡ್ರಾಯರಿತ್ತು. ಹೆಸರು ಹೇಳಿದರೆ ಅಲ್ಲಿ ನಂಬರು ಸಿಗುತ್ತಿತ್ತು.

"ಡ್ರಾಯರ್ ಐತೆ ಅಂದ್ರೆ ಸಾಲ್ದು ಕಣೇ," ಎನ್ನುತ್ತಿದ್ದರು ಅಕ್ಕ. "ಅದನ್ನ ಹೆಂಗೆ ಜೋಡ್ಸಿದೀವೋ ಹಂಗೇ ಕೇಳ್ಬೇಕು. ಬರೀ ಊರು ಹೇಳಿದ್ರೆ ಅದು ಇದ್ರೂ ಒಂದೇ, ಇಲ್ದಿದ್ರೂ ಒಂದೇ. ಕಪಾಟೆಲ್ಲ ಜಾಲಾಡ್ಬೇಕು."

ಒಂದು ಸಂಜೆ ಮತ್ತೋಡಿನ ಕಡೆಯ ಕುರಿಗಾಹಿಯೊಬ್ಬನನ್ನು ಅವನ ಹೆಂಡತಿ ಗಾಡಿಯಲ್ಲಿ ಕರೆತಂದಳು. ಜ್ವರದಲ್ಲಿ ಅವನಿಗೆ ಎಚ್ಚರವಿರಲಿಲ್ಲ. ಹಿಂದೊಮ್ಮೆ ಇಲ್ಲೇ ಇಂಜೆಕ್ಷನ್ ಕೊಟ್ಟಾಗ ಮೈಯೆಲ್ಲ ಊದಿಕೊಂಡಿತ್ತಂತೆ. ಯಾವ ಇಂಜೆಕ್ಷನ್ ಎಂಬುದು ಹಳೆಯ ಕಾರ್ಡಿನಲ್ಲಿತ್ತು.

"ಹೆಸರೇನವ್ವ?" ಎಂದರು ಅಕ್ಕ.

"ಮತ್ತೋಡಿನೋರು ಕಣಕ್ಕ. ಕುರಿಯೋರು." ಗಂಡನ ಹೆಸರು ಅವಳ ಬಾಯಿಂದ ಹೊರಡಲಿಲ್ಲ. ಹೇಳಬಲ್ಲವರು ಬೇರೆ ಯಾರೂ ಜೊತೆಗಿರಲಿಲ್ಲ. ಅಕ್ಕ ಕಪಾಟು ತೆರೆದು ಕಾರ್ಡು ತಿರುವತೊಡಗಿದರು. ಒಳಗಿಂದ ಡಾಕ್ಟರು ಕೂಗಿದರು. ಅಕ್ಕ ಅವಳ ತೋಳು ಹಿಡಿದು ಅಲುಗಿಸಿಬಿಟ್ಟರು.

"ಹೇಳೇ! ಜೀವ ದೊಡ್ಡದೋ, ಹೆಸರು ದೊಡ್ಡದೋ?"

ಸೆರಗನ್ನು ಬಾಯಿಗೆ ಒತ್ತಿಕೊಂಡು ಅವಳು ಹೇಳಿದಳು. ಕಾರ್ಡು ಆ ಕ್ಷಣವೇ ಸಿಕ್ಕಿತು. ಡಾಕ್ಟರು ಬೇರೆ ಔಷಧ ಕೊಟ್ಟರು. ಆದರೂ ಬೆಳಗಾಗುವಷ್ಟರಲ್ಲಿ ಅವನು ಹೋಗಿಬಿಟ್ಟ.

"ನಾನು ಅವ್ರ ಹೆಸರು ಹೇಳ್ದೆ, ಅದ್ಕೇ ಹೋದ್ರು," ಎಂದು ಅವಳು ಅಕ್ಕನ ಮುಂದೆ ನಿಂತು ಅತ್ತಳು.

ಆ ವಾರವೇ ಅಕ್ಕ ಊರಿನ ಪ್ರಕಾರ ಇನ್ನೊಂದು ಡ್ರಾಯರ್ ಜೋಡಿಸಲು ಕೂತರು. "ಇನ್ಮೇಲೆ ಪ್ರತಿ ಕಾರ್ಡಿಗೂ ಎರಡೆರಡು ಕಡೆ ಬರೀಬೇಕಲ್ಲಮ್ಮ," ಎಂದರು ಡಾಕ್ಟರು.

"ಬರೀತೀನಿ ಬಿಡ್ರಿ ಸಾರ್."

ಆಮೇಲೆ ಅಕ್ಕ ಯಾವ ಹೆಂಗಸನ್ನೂ ಗಂಡನ ಹೆಸರು ಕೇಳಲಿಲ್ಲ. ಕುರಿಗಾಹಿಯ ಹೆಂಡತಿಯನ್ನು ಕಂಡು ಬರಬೇಕೆಂದು ಎಷ್ಟೋ ಸಲ ನನ್ನನ್ನು ಹೊರಡಿಸಿ, ಬಸ್ ಸ್ಟ್ಯಾಂಡಿನಿಂದಲೇ ವಾಪಸ್ಸಾದರು. "ಹೋಗಿ ಏನಂತ ಹೇಳ್ಲೇ?" ಎನ್ನುತ್ತಿದ್ದರು.

ಅಕ್ಕ ತೀರಿಕೊಂಡ ಮೇಲೆ ನಾನೊಬ್ಬಳೇ ಮತ್ತೋಡಿಗೆ ಹೋದೆ. ಆ ಹೆಂಗಸು ಹಟ್ಟಿ ಗುಡಿಸುತ್ತಿದ್ದಳು. ಎಲ್ಲ ಕೇಳಿ ಪೊರಕೆ ಕೆಳಗಿಟ್ಟಳು.

"ಅಯ್ಯೋ, ಅದನ್ನ ಇಷ್ಟು ವರ್ಷ ಮನಸಿನಾಗೆ ಇಟ್ಕಂಡಿದ್ರಾ? ಸಂಕಟಕ್ಕೆ ಅಂದಿದ್ದೆ ಕಣವ್ವ. ಒಂದ್ಸಲ ಬಂದಿದ್ರೆ ಹೇಳ್ತಿದ್ನಲ್ಲ."