ಅಥಣಿ ರಸ್ತೆಯ ಜೊತೆಗಾತಿ

ಅಂತರ ಕಾಲೇಜು ಸೈಕ್ಲಿಂಗ್‌ನಲ್ಲಿ ನಾವಿಬ್ಬರೂ ಎದುರಾಳಿಗಳು. ನಮ್ಮ ಮನೆ ವಿಜಯಪುರದ ಜಲನಗರದಲ್ಲಿ, ಕಾಲೇಜೂ ಅಲ್ಲೇ. ಅವಳು ಟಿಕೋಟಾದವಳು, ಓದುತ್ತಿದ್ದುದು ಬಬಲೇಶ್ವರದಲ್ಲಿ. ಪ್ರತಿ ಸಲ ಅವಳೇ ಮೊದಲು. ಅವಳ ಹಿಂದಿನ ಚಕ್ರ ನೋಡುತ್ತಾ ನಾನು ಎರಡನೆಯವಳು. ಕೊನೆಯ ವರ್ಷ ಇಬ್ಬರೂ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದೆವು. ದಕ್ಷಿಣದ ವಿಶ್ವವಿದ್ಯಾಲಯಗಳೆಲ್ಲ ಸೇರುವ ಕೂಟಕ್ಕೆ ಒಂದೇ ಬಣ್ಣದ ಜರ್ಸಿಯಲ್ಲಿ ಹೋಗುವವರಿದ್ದೆವು.

"ಇನ್ನ ನನ್ನ ಸೋಲಸೂದು ಬಿಡು, ನನ್ನ ಕೂಡ ಗೆಲ್ಲೂದು ಕಲಿ" ಎಂದು ನಕ್ಕಿದ್ದಳು.

ಅಂದಿನಿಂದ ಬೆಳಿಗ್ಗೆ ಅರಕೇರಿ ಹತ್ತಿರ ಕೂಡಿ ಅಥಣಿ ರಸ್ತೆಯಲ್ಲಿ ಅಭ್ಯಾಸ ಮಾಡುತ್ತಿದ್ದೆವು. ಎದುರುಗಾಳಿ ತಡೆಯಲು ಸರದಿಯಂತೆ ಒಬ್ಬರು ಮುಂದೆ ತುಳಿಯಬೇಕು, ಇನ್ನೊಬ್ಬರು ಅವರ ಮರೆಯಲ್ಲಿ. ನಾನು ದಣಿದರೆ ನನ್ನ ಸರದಿಯನ್ನೂ ಅವಳೇ ತುಳಿಯುತ್ತಿದ್ದಳು.

ಕೂಟ ಹತ್ತಿರ ಬಂದಿತ್ತು. ಮಂಜು ಕವಿದ ಒಂದು ಬೆಳಿಗ್ಗೆ ಅರಕೇರಿಯಲ್ಲಿ ಕಾದೇ ಕಾದೆ. ಅವಳು ಫೋನ್ ಎತ್ತಲಿಲ್ಲ. ನಾನೇ ಟಿಕೋಟಾ ಕಡೆ ಹೊರಟೆ. ದಾರಿಯಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರ್ ಕೆಟ್ಟು ನಿಂತಿತ್ತು. ಟ್ರೇಲರಿನ ಹಿಂದೆ ದೀಪವಿರಲಿಲ್ಲ. ಜನ ಸೇರಿದ್ದರು. ಮೊದಲು ಕಂಡದ್ದು ಅವಳ ಸೈಕಲ್.

"ನೋಡಬ್ಯಾಡ ಯವ್ವಾ, ಈ ಕಡೆ ಬಾ" ಎಂದು ಯಾರೋ ಹಿರಿಯರು ನನ್ನ ತೋಳು ಹಿಡಿದರು.

ಮಣ್ಣು ಮುಗಿದ ಮೇಲೆ ಮಾತಾಡಿಸಲು ಅವಳ ಮನೆಗೆ ಹೋದಾಗ, ಕೂಟಕ್ಕೆ ಹೋಗುವುದಿಲ್ಲವೆಂದೆ. ಅವಳ ಅವ್ವ ತಲೆಯೆತ್ತಿ, "ನೀನೂ ಮನ್ಯಾಗ ಕುಂತ್ರ ಹೆಂಗವಾ? ಹೋಗು" ಎಂದರು. ಹೋದೆ.

ಸ್ಪರ್ಧೆಗೆ ಮುಂಚೆ ಮೈಕಿನಲ್ಲಿ ಹಾಜರಿ ಕರೆದರು. ಪಟ್ಟಿಯಿಂದ ಅವಳ ಹೆಸರನ್ನು ಯಾರೂ ತೆಗೆದಿರಲಿಲ್ಲ. ನಮ್ಮ ವಿಶ್ವವಿದ್ಯಾಲಯ, ಅದರ ಬೆನ್ನಿಗೇ ಅವಳ ಹೆಸರು. ಯಾರೂ ಓ ಎನ್ನಲಿಲ್ಲ. ಮತ್ತೆ ಕರೆದರು.

"ಬಂದಿಲ್ರಿ ಸರ್" ಎಂದೆ. ಅವರು ಮುಂದಿನ ಹೆಸರಿಗೆ ಹೋದರು.

ಅಂದು ಬಲವಾದ ಗಾಳಿಯಿತ್ತು. ನಾನು ಎಲ್ಲರಿಗಿಂತ ಹಿಂದೆ ಗುರಿ ಮುಟ್ಟಿ, ಸೈಕಲ್ ಮೇಲೆಯೇ ಬಗ್ಗಿ ಅತ್ತೆ. ಸೋತಿದ್ದಕ್ಕೆ ಅಳುತ್ತಿದ್ದೇನೆಂದುಕೊಂಡು ಬೇರೆ ತಂಡದ ಹುಡುಗಿಯೊಬ್ಬಳು ನೀರು ತಂದುಕೊಟ್ಟಳು.

ಊರಿಗೆ ಬಂದವಳೇ ಟಿಕೋಟಾಕ್ಕೆ ಹೋದೆ. ಎಷ್ಟನೆಯವಳಾದೆ ಎಂದು ಅವಳ ಅವ್ವ ಕೇಳಲಿಲ್ಲ.

"ಅಲ್ಲಿ ಅಕಿ ಹೆಸರು ಕರದ್ರೇನವಾ?"

"ಕರದ್ರು ಬೇ. ಮೈಕಿನಾಗ."

ಸೆರಗು ಬಾಯಿಗೆ ಒತ್ತಿಕೊಂಡರು. ಆಮೇಲೆ ನನ್ನ ಕೈ ಹಿಡಿದು, "ಎಲ್ಲಾರಿಗೂ ಕೇಳಿಸ್ತೇನು?" ಎಂದರು.