ಅಪ್ಪ ಹೊಸೆದ ಹುರಿ

ನಮ್ಮಪ್ಪ ಎಡಚ. ಅವನು ಹೊಸೆದ ಹುಲ್ಲಿನ ಹುರಿ ಊರಿನ ಉಳಿದವರ ಹುರಿಗೆ ಉಲ್ಟಾ ತಿರುಗಿರುತ್ತದೆ. ನ್ಯಾಮತಿ ಕಡೆಯ ನಮ್ಮ ಊರಲ್ಲಿ ಈಗ ಭತ್ತವನ್ನೆಲ್ಲ ಮಿಷನ್ನೇ ಕೊಯ್ಯುವುದು. ಅದು ಉಗುಳಿದ ಹುಲ್ಲು ಪುಡಿಪುಡಿ. ಅದಕ್ಕೇ ಅಪ್ಪ ಒಂದು ಪಟ್ಟಿ ಗದ್ದೆಯನ್ನು ಕುಡುಗೋಲಲ್ಲೇ ಕೊಯ್ದು, ಆ ಹುರಿಯಲ್ಲೇ ಪೆಂಡಿ ಕಟ್ಟಿ, ಜಗಳೂರು ತಾಲ್ಲೂಕಿನ ಬಿಳಿಚೋಡಿಗೆ ಕೊಟ್ಟ ನಮ್ಮಕ್ಕನಿಗೆ ಕಳಿಸುತ್ತಾನೆ. ಹಬ್ಬಕ್ಕೆ ಸೀರೆ ತಪ್ಪಿದರೂ ಮಗಳ ಎಮ್ಮೆಗಳಿಗೆ ಹುಲ್ಲು ತಪ್ಪಿಸಿದವನಲ್ಲ.

ಮಳೆ ಕೈಕೊಟ್ಟ ವರ್ಷ ಅಕ್ಕ ಫೋನು ಮಾಡಿದಳು. "ಇಲ್ಲಿ ಜೋಳದ ದಂಟೂ ಇಲ್ಲ ಕಣೋ. ಹುಲ್ಲು ಬರ್ಲಿಲ್ಲಾಂದ್ರೆ ದೊಡ್ಡೆಮ್ಮೆ ಮಾರಬೇಕಾಗ್ತೈತೆ." ದೊಡ್ಡೆಮ್ಮೆ ನಮ್ಮ ಕೊಟ್ಟಿಗೆಯಲ್ಲೇ ಹುಟ್ಟಿದ್ದು, ಅಪ್ಪನೇ ಸಾಕಿ ಅಕ್ಕನ ಜೊತೆ ಕಳಿಸಿದ್ದು.

ಟ್ರ್ಯಾಕ್ಟರಿಗೆ ಹುಲ್ಲು ಹೇರಿಕೊಂಡು ಅಪ್ಪ, ನಾನು ಹೊರಟೆವು. ಹೊನ್ನಾಳಿ ಹತ್ತಿರ ಚೆಕ್‌ಪೋಸ್ಟಿನಲ್ಲಿ ತಡೆದರು. ಮೇವು ಹೊರಜಿಲ್ಲೆಗೆ ಹೋಗಬಾರದೆಂದು ಆದೇಶವಿತ್ತು, ಅದು ಸರಿಯೇ. ಆದರೆ ನಮ್ಮದೇ ಜಿಲ್ಲೆಯ ಜಗಳೂರು ಯಾವ ಹೊರಜಿಲ್ಲೆ? ಕೇಳಿದ್ದಕ್ಕೆ ಅಲ್ಲಿದ್ದ ಸಾಹೇಬ ಕುರ್ಚಿ ಬಿಟ್ಟು ಏಳದೆ, "ಮೇವು ಬ್ಯಾಂಕಿಗೆ ಇಳಿಸಿ ಹೋಗ್ರಿ. ಜಗಳೂರಿಗೆ ನಾವೇ ಕಳಿಸ್ತೀವಿ" ಎಂದ. ನಾನು ಜಗಳಕ್ಕೆ ನಿಂತೆ. ಅಪ್ಪ ನನ್ನ ತೋಳು ಹಿಡಿದ. "ಸರ್ಕಾರದೋರು ಸುಳ್ಳು ಹೇಳ್ತಾರೇನೋ? ನಮಗಿಂತ ಮುಂಚೆ ಅವರ ಲಾರಿ ಹೋಗ್ತೈತೆ." ಹುಲ್ಲಿಗೆಂದು ಅವರು ಕೊಡಲು ಬಂದ ದುಡ್ಡನ್ನೂ ಮುಟ್ಟಲಿಲ್ಲ. ದನ ತಿಂದರೆ ಸಾಕು ಅಂದ.

ಲಾರಿ ಹೋಗಲಿಲ್ಲ. ಅದಕ್ಕೆ ಹಸಿರು ಬಾವುಟ ತೋರಿಸಬೇಕಾದ ಗಣ್ಯರಿಗೆ ಪುರುಸೊತ್ತಿರಲಿಲ್ಲ. ಹುಲ್ಲು ಬಯಲಲ್ಲೇ ಬಿದ್ದಿತ್ತು. ಬೆಳೆಗೆ ಬಾರದ ಮಳೆ ಆಗ ಬಂತು ನೋಡಿ, ಎರಡು ದಿನ ಬಿಡದೆ. ಒಂದು ತಾಡಪಾಲು ಹೊದಿಸುವ ಯೋಗ್ಯತೆ ಯಾರಿಗೂ ಇರಲಿಲ್ಲ. ಬಾವುಟದ ಸಮಾರಂಭಕ್ಕೆ ಹಾಕಿದ್ದ ಶಾಮಿಯಾನ ಮಾತ್ರ ಗಟ್ಟಿಯಾಗಿ ನಿಂತಿತ್ತು. ಮನೆಯಲ್ಲಿ ನಮ್ಮ ಕೊಟ್ಟಿಗೆಗೆ ಬೇಕಾದಷ್ಟೇ ಹುಲ್ಲು ಉಳಿದಿತ್ತು. ಕೊಂಡಾದರೂ ಕಳಿಸೋಣವೆಂದು ಚನ್ನಗಿರಿ ಕಡೆ ಸೂಳೆಕೆರೆ ಬಯಲೆಲ್ಲ ಸುತ್ತಿದೆ. ಗದ್ದೆಗಳೆಲ್ಲ ಅಡಿಕೆ ತೋಟವಾಗಿವೆ. ಅಡಿಕೆಯನ್ನು ಎಮ್ಮೆ ತಿನ್ನುತ್ತದೆಯೇ?

ಕೊನೆಗೊಂದು ದಿನ ಲಾರಿ ಮಾಲೆ ಹಾಕಿಸಿಕೊಂಡು ಬಂತು. ನಾನೂ ಅಕ್ಕನ ಜೊತೆ ಜಗಳೂರಲ್ಲಿ ಸರದಿಗೆ ನಿಂತೆ. ಕೈಗೆ ಬಂದ ಪೆಂಡಿ ಬೂಷ್ಟು ಹಿಡಿದು ಕಪ್ಪಾಗಿತ್ತು, ಮುಗ್ಗಲು ವಾಸನೆ. ಅಕ್ಕ ಹುರಿಯ ಮೇಲೆ ಬೆರಳಾಡಿಸಿದಳು. ಅದು ಎಡಕ್ಕೆ ತಿರುಗಿತ್ತು.

"ಇದು ನಮ್ಮಪ್ಪ ಕಟ್ಟಿದ್ದು ಕಣ್ರೀ" ಅಂದಳು.

"ಯಾರು ಕಟ್ಟಿದ್ರೇನಮ್ಮ, ಈಗ ಸರ್ಕಾರದ್ದು. ಬೇಕಂದ್ರೆ ತಗೊಳ್ರಿ, ಇಲ್ಲ ಹಿಂದಿನೋರಿಗೆ ದಾರಿ ಬಿಡ್ರಿ" ಅಂದ ಹಂಚುವವನು.

ಅಪ್ಪ ಪುಕ್ಕಟೆ ಕೊಟ್ಟ ಹುಲ್ಲನ್ನು ಅಕ್ಕ ಅರ್ಧ ಬೆಲೆ ತೆತ್ತು ಕೊಂಡಳು. ಕೊಳೆಯದ ಎಳೆಗಳನ್ನು ಆರಿಸಿ ಆರಿಸಿ ಮುಂದೆ ಹಾಕಿದಳು. ದೊಡ್ಡೆಮ್ಮೆ ಮೂಸಿ ಮುಖ ತಿರುಗಿಸಿತು. ಮರುದಿನ ದಲ್ಲಾಳಿ ಬಂದು ದುಡ್ಡು ಎಣಿಸಿ ಅದನ್ನು ಹೊಡೆದುಕೊಂಡು ಹೋದ. ನನಗೆ ಆ ಶಾಮಿಯಾನದ ಗೂಟವನ್ನೇ ಕಿತ್ತು ಯಾರಿಗಾದರೂ ಬಾರಿಸಬೇಕೆನ್ನಿಸಿತು.

ಸಂಜೆ ಅಪ್ಪನ ಫೋನು ಬಂತು. ಅಕ್ಕ ಸ್ಪೀಕರಿಗೆ ಹಾಕಿದಳು. ಲಾರಿ ಬಂತಾ ಎಂದು ಕೇಳಿದ. ಅವಳು ನನ್ನತ್ತ ನೋಡಿ, ಸುಮ್ಮನಿರು ಎಂಬಂತೆ ಕೈ ಮಾಡಿದಳು.

"ಬಂತಪ್ಪಾ. ನಿನ್ನ ಹುಲ್ಲೇ ಸಿಕ್ತು. ಎಮ್ಮೆ ಚೆನ್ನಾಗಿ ತಿಂದ್ವು."

"ನೋಡಿದ್ಯಾ? ಸರ್ಕಾರ ಕಳಿಸ್ತೈತೆ ಅಂದ್ರೆ ನಿನ್ನ ತಮ್ಮ ನಂಬಾಕೆ ತಯಾರಿರ್ಲಿಲ್ಲ" ಎಂದು ಅಪ್ಪ ನಕ್ಕ.

ನಾನು ದೊಡ್ಡೆಮ್ಮೆಯ ಬರೀ ಗೂಟದ ಪಕ್ಕ ನಿಂತು ಬಾಯಿ ಮುಚ್ಚಿಕೊಂಡಿದ್ದೆ.