ಚಿಕ್ಕಪ್ಪನ ಎಡಗಾಲಿನ ಚಪ್ಪಲಿಯೂ ನಮ್ಮ ಮಾವಿನ ಮರವೂ

೧೯೫೮ರ ಸೆಪ್ಟೆಂಬರ್ ೨೧, ಭಾನುವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಅಜ್ಜಿ ನಮ್ಮ ಮಾವಿನ ಮರಕ್ಕೆ ಚಪ್ಪಲಿ ಕಟ್ಟಿಸಿದರು. ಆಗ ನನಗೆ ಹನ್ನೆರಡು ವರ್ಷ. ಡೈರಿ ಬರೆಯಲು ಶುರುಮಾಡಿ ಒಂಬತ್ತು ತಿಂಗಳಾಗಿತ್ತು.

ಮದರಾಸಿನ ಎಗ್ಮೋರಿನಲ್ಲಿದ್ದ ನಮ್ಮ ಮನೆಯ ಹಿತ್ತಲಿನ ಆ ಗಿಣಿಮೂತಿ ಮಾವು ನಾನು ಹುಟ್ಟಿದ ವರ್ಷ ನೆಟ್ಟದ್ದು. ಅಲ್ಲಿಯವರೆಗೆ ಅದು ಬಿಟ್ಟ ಕಾಯಿ: ಸೊನ್ನೆ. ಬರುವ ಬೇಸಿಗೆಗೂ ಬಿಡದಿದ್ದರೆ ಕಡಿಸಿ, ಅಲ್ಲೊಂದು ಹೊಸ ಬಚ್ಚಲು ಕಟ್ಟಿಸುತ್ತೇನೆಂದು ಅಪ್ಪ ಹೇಳಿಬಿಟ್ಟಿದ್ದರು. ನಾನು ಓದುತ್ತಿದ್ದುದು, ಮುನಿಸಿಕೊಂಡು ಕೂರುತ್ತಿದ್ದುದು ಎಲ್ಲ ಆ ಮರದ ಮೇಲೆಯೇ. ಬಚ್ಚಲಲ್ಲಿ ಮುನಿಸಿಕೊಂಡು ಕೂರಲು ಆಗುತ್ತದೆಯೇ?

ಬಂಜೆ ಮರಕ್ಕೆ ಹಳೆಯ ಚಪ್ಪಲಿ ಕಟ್ಟಿದರೆ ನಾಚಿಕೆಪಟ್ಟು ಕಾಯಿ ಬಿಡುತ್ತದೆ ಎಂಬುದು ಅಜ್ಜಿಯ ಊರಿನ ಪದ್ಧತಿ. ಸಿಕ್ಕಿದ ಚಪ್ಪಲಿ ಚಿಕ್ಕಪ್ಪನದು, ಎಡಗಾಲಿನದು. ಅವರು ರೈಲ್ವೆ ಪಾರ್ಸಲ್ ಆಫೀಸಿನಲ್ಲಿದ್ದರು. ಮದರಾಸಿನಲ್ಲಿ ಒಂಟಿ ಚಪ್ಪಲಿಯನ್ನೂ ಕದಿಯುತ್ತಾರೆಂದು ಅವರ ನಂಬಿಕೆ. ಆದ್ದರಿಂದ ದಾರ ಬೇಡವೆಂದು ತಂತಿ ತಂದು, ಪೂರ್ವದ ಕೊಂಬೆಗೆ ಸುತ್ತಿ, ಇಕ್ಕಳದಿಂದ ಹನ್ನೊಂದು ಸಲ ತಿರುಚಿ ಬಿಗಿದರು. ಎಣಿಸಿದವಳು ನಾನು.

ಫೆಬ್ರವರಿಯಲ್ಲಿ ಆ ಕೊಂಬೆ ಹೂ ಬಿಟ್ಟಿತು. ಮೇ ತಿಂಗಳ ಲೆಕ್ಕ: ಪೂರ್ವದ ಕೊಂಬೆ ಇಪ್ಪತ್ತಮೂರು ಕಾಯಿ, ಉಳಿದ ಮೂರು ಕೊಂಬೆ ಸೊನ್ನೆ. ಅಪ್ಪ ಬಚ್ಚಲಿನ ಮಾತು ನಿಲ್ಲಿಸಿದರು. ಅಜ್ಜಿ ಮಾತ್ರ, ಉಳಿದ ಮೂರಕ್ಕೂ ಮಾನವಿಲ್ಲವೆಂದು ತೀರ್ಮಾನಿಸಿ ಚಪ್ಪಲಿ ಬೇಟೆಗೆ ಹೊರಟರು. ಅಪ್ಪ ತಮ್ಮ ಚಪ್ಪಲಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕತೊಡಗಿದರು. ಜೂನ್ ೭ರಂದು ಮನೆಗೆ ಬಂದಿದ್ದ ನೆಂಟರೊಬ್ಬರು ಒಂದೇ ಚಪ್ಪಲಿಯಲ್ಲಿ ಸ್ಟೇಷನ್ನಿಗೆ ಹೋದರು.

ಅಷ್ಟರಲ್ಲಿ ನಾನು ಅಮ್ಮನ ಹೊಲಿಗೆ ಟೇಪಿನಿಂದ ಪೂರ್ವದ ಕೊಂಬೆಯನ್ನು ಅಳೆದಿದ್ದೆ. ತಂತಿಯ ಕೆಳಗೆ ಸುತ್ತಳತೆ ಒಂಬತ್ತು ಅಂಗುಲ. ಮೇಲೆ, ಹಲ್ಲುನೋವಿನ ಕೆನ್ನೆಯಂತೆ ಊದಿಕೊಂಡು, ಹನ್ನೊಂದೂವರೆ. ಎಲೆಗಳು ಬಾಡಿರಲಿಲ್ಲ. ಜೂನ್ ೧೯ರಂದು ಶಾಲೆಯಲ್ಲಿ ವಿಜ್ಞಾನದ ಟೀಚರಿಗೆ ಡೈರಿ ತೋರಿಸಿದೆ. ನೀರು ಬೇರಿನಿಂದ ಕಟ್ಟಿಗೆಯೊಳಗಿನ ಸಣ್ಣ ಕೊಳವೆಗಳಲ್ಲಿ ಏರುತ್ತದೆ, ಅದಕ್ಕೆ ತಂತಿ ಅಡ್ಡಿಯಲ್ಲ ಎಂದರು. ಎಲೆಗಳು ತಯಾರಿಸಿದ ಊಟ ಇಳಿಯುವುದು ತೊಗಟೆಯ ಒಳಪದರದಲ್ಲಿ. ತಂತಿ ಹಿಸುಕಿರುವುದು ಅದನ್ನೇ. ಕೆಳಗಿಳಿಯದ ಊಟ ಅಲ್ಲೇ ಕಾಯಾಗಿದೆ. ನಾಲ್ಕೂ ಕೊಂಬೆ ಬಿಗಿದರೆ ಬೇರಿಗೆ ಉಪವಾಸ, ಮರ ಸಾಯುತ್ತದೆ.

ಓಡುತ್ತ ಮನೆಗೆ ಬಂದೆ. ಚಿಕ್ಕಪ್ಪ ಇಕ್ಕಳ ಹಿಡಿದು ಏಣಿ ಹತ್ತಿದ್ದರು. ಅಜ್ಜಿ ಕೆಳಗೆ ಮೂರು ಚಪ್ಪಲಿ ಹಿಡಿದು ನಿಂತಿದ್ದರು. ಗಾಬರಿಯಾದರೆ ನನಗೆ ತಮಿಳೇ ಬರುವುದು.

“ವೇಂಡಾಂ ಪಾಟಿ, ವೇಂಡಾಂ.”

“ಕನ್ನಡದಲ್ಲಿ ಬೇಡ ಅನ್ನು, ಆಮೇಲೆ ಕೇಳ್ತೀನಿ,” ಎಂದರು ಅಜ್ಜಿ.

ಕನ್ನಡದಲ್ಲೇ ಎಲ್ಲ ಹೇಳಿದೆ.

“ಅಂದ್ರೆ ಮೇಲಿನೋರು ತಾವೇ ಉಂಡ್ಕೊಂಡು ಕೆಳಗಡೆಗೆ ಕಳಿಸ್ತಿಲ್ವಾ?”

“ಕಳಿಸ್ತಾರೆ ಅಜ್ಜಿ. ಚಿಕ್ಕಪ್ಪನ ತಂತಿ ಬಿಡ್ತಿಲ್ಲ.”

“ಬುಕ್ ಆದ ಪಾರ್ಸಲ್ಲು ದಾರೀಲಿ ನಿಂತಂಗೆ ಅಮ್ಮಾ,” ಎಂದರು ಏಣಿಯ ಮೇಲಿಂದ ಚಿಕ್ಕಪ್ಪ.

ಅಜ್ಜಿ ಮರವನ್ನು ಬುಡದಿಂದ ತುದಿಯವರೆಗೆ ನೋಡಿದರು. “ಬಿಚ್ಚೋ ತಂತೀನ. ಮಾನ ತೆಗೀಬೇಕೇ ಹೊರತು ಪ್ರಾಣ ತೆಗೀಬಾರದು.”

ತೊಗಟೆಯಲ್ಲಿ ಹೂತಿದ್ದ ತಂತಿ ಬಿಚ್ಚಲು ನಲವತ್ತು ನಿಮಿಷ ಹಿಡಿಯಿತು. ನಾಲ್ಕೂ ಕೊಂಬೆಗೆ ಚಪ್ಪಲಿಗಳನ್ನು ಸಡಿಲ ದಾರದಲ್ಲಿ, ಎರಡು ಬೆರಳು ತೂರುವಷ್ಟು ಜಾಗ ಬಿಟ್ಟು, ತೂಗುಹಾಕಿದೆವು.

೧೯೬೦ರ ಲೆಕ್ಕ: ಪೂರ್ವ ಮೂರು, ಪಶ್ಚಿಮ ಒಂಬತ್ತು, ದಕ್ಷಿಣ ಆರು, ಉತ್ತರ ಸೊನ್ನೆ. ಮರ ಕಾಯಿ ಬಿಡುವ ವಯಸ್ಸಿಗೆ ಬಂತು, ಅದಕ್ಕೇ ಬಿಟ್ಟಿತು ಎನ್ನುತ್ತಾರೆ ಟೀಚರ್. ಉತ್ತರದ ಕೊಂಬೆಗೆ ಕಟ್ಟಿದ್ದು ಬೀರುವಿನಿಂದ ತೆಗೆದ ಅಪ್ಪನ ಹೊಸ ಚಪ್ಪಲಿ, ಅದರಿಂದ ಅವಮಾನ ಸಾಲದು ಎನ್ನುತ್ತಾರೆ ಅಜ್ಜಿ. ಮರ ನಿಂತಿದೆ, ಬಚ್ಚಲು ಹಳೆಯದೇ.

ನಿಮ್ಮ ಮನೆಯ ಮರಕ್ಕೂ ಚಪ್ಪಲಿ ಕಟ್ಟಿದ್ದರೆ ದಯವಿಟ್ಟು ನನಗೆ ಬರೆಯಿರಿ: ಯಾವ ಮರ, ದಾರವೋ ತಂತಿಯೋ, ಎಷ್ಟು ಕಾಯಿ. ಎಡಗಾಲೋ ಬಲಗಾಲೋ ಎಂಬುದನ್ನು ಮರೆಯಬೇಡಿ, ಅಜ್ಜಿ ಕೇಳುತ್ತಾರೆ.